ಸಪ್ತಾಹದ ಸಂಚಾಲಕರು

ಪರಿಸರ ಸಪ್ತಾಹದ ಸಂಚಾಲಕರು ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಕಾಣಸಿಗುವುದು ಜೂನ್ ತಿಂಗಳ ಮೊದಲ ಮಳೆಯೊಂದಿಗೆ. ಜೂನ್ 5 ಪರಿಸರ ದಿನವೆಂದು 1972ರಲ್ಲಿ ಗೊತ್ತುಮಾಡಿದ್ದು ವಿಶ್ವಸಂಸ್ಥೆ; ಅದನ್ನು ಏಳು ದಿನಕ್ಕೆ ಎಳೆದದ್ದು ಇಂಥವರ ಕೊಡುಗೆ. ಒಂದೇ ದಿನದಲ್ಲಿ ಮುಗಿಸಿದರೆ ಶುಭಾಶಂಸನೆ ಮಾಡುವವರಿಗೆಲ್ಲ ವೇದಿಕೆಯಲ್ಲಿ ಕುರ್ಚಿ ಹೊಂದಿಸುವುದು ಹೇಗೆ?

ಇವರು ಸಾಮಾನ್ಯವಾಗಿ ನಿವೃತ್ತ ಅಧ್ಯಾಪಕರು. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಆಮಂತ್ರಣ ಪತ್ರಿಕೆ. ಭಾಷಣ ಕನ್ನಡದಲ್ಲಿ, ಕಚೇರಿಯ ವ್ಯವಹಾರ ಮಲಯಾಳದಲ್ಲಿ, ಶಾಮಿಯಾನದವನೊಡನೆ ಜಗಳ ತುಳುವಿನಲ್ಲಿ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳನ್ನು (1915–2015) ನೆನೆಯದೆ ಇವರ ಸ್ವಾಗತ ಭಾಷಣ ಮುಗಿಯುವುದಿಲ್ಲ. ನೆನೆಯಬೇಕಾದದ್ದೇ. ರೈಗಳು ಮಣ್ಣಿನಲ್ಲಿ ತಾವೇ ದುಡಿದ ಕವಿ, ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟವರು. ಸಂಚಾಲಕರು ಇದನ್ನು ಹೇಳುವಾಗ ಅವರಿಗೆ ಕೊಡೆ ಹಿಡಿದು ನಿಂತವನು ಬೇರೊಬ್ಬ.

ನಡುವೆ ಒಂದು ದಿನ ಮಕ್ಕಳಿಗೆ ಸುರಂಗ ದರ್ಶನ. ಮುರಕಲ್ಲಿನ ಗುಡ್ಡವನ್ನು ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ಈ ಬಿಲದಲ್ಲಿ ಒಸರಿದ ನೀರು ತಾನಾಗಿ ಇಳಿದು ಹೊರಗೆ ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಸಂಚಾಲಕರು ಸುರಂಗದ ಬಾಯಲ್ಲೇ ನಿಂತು ಇಂಗಾಲದ ಲೆಕ್ಕ ಬಿಡಿಸುತ್ತಾರೆ. ಒಳಗಿನಿಂದ ಬಾವಲಿಯೊಂದು ಹಾರಿ ಬಂತೆಂದರೆ ಉಳಿದ ವಿವರಣೆ ಜೀಪಿನೊಳಗಿಂದ. ಮಕ್ಕಳು ಮಾತ್ರ ಸುರಂಗದಿಂದ ಹೊರಗೆ ಬರಲೊಲ್ಲರು. ಇಡೀ ಸಪ್ತಾಹದಲ್ಲಿ ಸಾರ್ಥಕವಾದದ್ದು ಇದೊಂದು ದಿನ ಎಂದರೂ ಸಲ್ಲುತ್ತದೆ.

ಹವಾಮಾನ ಬದಲಾವಣೆಯ ವಿಚಾರಗೋಷ್ಠಿಗೆ ಶತ್ರು ಹವಾಮಾನವೇ. ಮಳೆ ಒಂದು ದಿನ ಹೊಳವಾದರೆ ಸಾಕು, ಊರಿಗೆ ಊರೇ ಅಡಿಕೆಗೆ ಮದ್ದು ಬಿಡಲು ಹೊರಡುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಇದು ಕೊನೆಗೆ ಬೀಳದೆ ಮಳೆ ಹಿಡಿದುಕೊಂಡರೆ ಕೊಳೆರೋಗ ಖಚಿತ. ‘ಮಳೆ ಬಂದರೆ ಖಂಡಿತ ಬರ್ತೇನೆ ಮಾಸ್ಟ್ರೇ’ ಎಂದು ಮಾತು ಕೊಟ್ಟವರೇ ಎಲ್ಲ. ಮಳೆ ಬಂದ ದಿನ ಅವರೂ ಬರುತ್ತಾರೆ, ಆದರೆ ಶೀಟಿನ ಮಾಡಿನ ಸದ್ದಿಗೆ ಮೈಕು ಕೇಳುವುದಿಲ್ಲ.

ಊಟೋಪಚಾರದಲ್ಲಿ ತಪ್ಪು ಹುಡುಕುವಂತಿಲ್ಲ: ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ. ಸಮಾರೋಪದಲ್ಲಿ, ಮನೆಮನೆಯ ಪ್ಲಾಸ್ಟಿಕ್ ಕಸ ಒಟ್ಟುಮಾಡುವ ಹರಿತ ಕರ್ಮ ಸೇನೆಯ ಮಹಿಳೆಯರಿಗೆ ಶಾಲು ಹೊದಿಸುತ್ತಾರೆ. ಒಂದೊಂದು ಶಾಲಿಗೂ ಒಂದೊಂದು ಪ್ಲಾಸ್ಟಿಕ್ ಕವರು. ಅವನ್ನೂ ಅವರೇ ಹೆಕ್ಕಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ.

ಜಲಸಂರಕ್ಷಣೆಯ ನಿರ್ಣಯ ಅಂಗೀಕಾರವಾಗುವುದು ತೋಡು ಉಕ್ಕುವ ಜೂನಿನಲ್ಲಿ. ಪಕ್ಕದ ಏತಡ್ಕದಲ್ಲಿ ನೀರಿಗಿಳಿದು ಕಲ್ಲು, ಮಣ್ಣು ಒಟ್ಟಿ ಕಟ್ಟ ಕಟ್ಟುವುದು ಮಳೆ ನಿಂತು ಹರಿವು ತಗ್ಗಿದ ಮೇಲೆ, ಡಿಸೆಂಬರಿನ ಹೊತ್ತಿಗೆ. ಅಷ್ಟರಲ್ಲಿ ಸಂಚಾಲಕರು ಬ್ರಹ್ಮಕಲಶೋತ್ಸವ ಸಮಿತಿಗೆ ಸಂಚಾಲಕರಾಗಿರುತ್ತಾರೆ. ಕಟ್ಟದ ಕೆಲಸದಲ್ಲಿ ಆ ಹುದ್ದೆಯೇ ಇಲ್ಲ.