ಸರ್ಕಾರಿ ಶಾಲೆಯ ಸಂಧಿಪ್ರಕರಣ

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಸಾರ್ವಜನಿಕ ಶಿಕ್ಷಣ ಇಲಾಖೆ ಇರಲಿಲ್ಲ. ಹಾಗಾಗಿ ಆತನ ಸಂಧಿಪ್ರಕರಣಕ್ಕೆ ಶಾಲಾ ಅನುದಾನದಿಂದ ಉದಾಹರಣೆ ಎತ್ತಿಕೊಳ್ಳುವ ಭಾಗ್ಯ ಒದಗಲಿಲ್ಲ. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧಕಾರರ ಸಂಕಲ್ಪ. ಲೋಪ, ಆಗಮ, ಆದೇಶ ಎಂದು ಮಕ್ಕಳು ಬಾಯಿಪಾಠ ಮಾಡುವುದೇನೋ ಸರಿ. ಆದರೆ ಈ ಸಂಧಿಗಳು ನಡೆಯುವುದನ್ನು ಕಣ್ಣಾರೆ ಕಾಣಬೇಕಾದರೆ ಮುಖ್ಯ ಶಿಕ್ಷಕರ ಬೀರು ತೆಗೆದು ನಗದು ಪುಸ್ತಕವನ್ನೇ ಬಿಡಿಸಬೇಕು.

ಮೊದಲು ಲೋಪಸಂಧಿ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿದ್ದುಹೋಗುತ್ತದೆ, ಊರಿಗೇನೂ ನಷ್ಟವಿಲ್ಲ. ಸೂತ್ರಕ್ಕೊಂದು ಷರತ್ತಿದೆ: ಅರ್ಥ ಕೆಡದಿದ್ದರೆ ಮಾತ್ರ ಲೋಪ. ಅರ್ಥವೆಂದರೆ ದುಡ್ಡೂ ಹೌದಷ್ಟೆ. ಆ ಅರ್ಥವೇ ಲೋಪವಾದರೆ ಏನು ಗತಿ ಎಂಬುದನ್ನು ಹಳೆಯ ವೈಯಾಕರಣರು ಹೇಳಲಿಲ್ಲ. ಇಲಾಖೆ ಹೇಳಿತು. ಸರ್ಕಾರಿ ಶಾಲೆಯ ಖರ್ಚಿಗೆಂದು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯುವ ಬಗ್ಗೆ 2022ರ ಅಕ್ಟೋಬರ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಸುತ್ತೋಲೆ ಹೊರಟಿತು. ‘ಅನುದಾನ’ದಲ್ಲಿ ‘ಅನು’ ಲೋಪವಾಗಿ ‘ದಾನ’ ಉಳಿದ ಕ್ಷಣ ಅದು! ಶಿಕ್ಷಣ ಉಚಿತ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ದೇಣಿಗೆ ಐಚ್ಛಿಕ ಎಂದಿತು ಇಲಾಖೆ. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಒಂದು ಆದೇಶದ ಜಾಗಕ್ಕೆ ಇನ್ನೊಂದು ಆದೇಶ ಬಂದದ್ದರಿಂದ ಇದನ್ನು ಆದೇಶಸಂಧಿ ಎನ್ನುವ ಪಂಥವೂ ಉಂಟು.

ಸಂಬಳ, ಪಠ್ಯಪುಸ್ತಕ, ಬಿಸಿಯೂಟದ ಲೆಕ್ಕ ಬೇರೆ, ಅದನ್ನು ಒಪ್ಪಲೇಬೇಕು. ಸೀಮೆಸುಣ್ಣ, ಪೊರಕೆ, ಬಲ್ಬು, ಮುರಿದ ಬಾಗಿಲಿನ ತಿರುಗುಣಿ ಇವೆಲ್ಲ ಶಾಲಾ ಅನುದಾನದ ಪಾಲು. ಸಮಗ್ರ ಶಿಕ್ಷಣ ಯೋಜನೆಯಲ್ಲಿ 30ರವರೆಗೆ ಮಕ್ಕಳಿರುವ ಶಾಲೆಗೆ ಇದು ವರ್ಷಕ್ಕೆ 10,000 ರೂಪಾಯಿ. ದಿನಕ್ಕೆ ಇಪ್ಪತ್ತೇಳು ರೂಪಾಯಿ ಚಿಲ್ಲರೆ, ಪೇಟೆಯ ಹೋಟೆಲಿನ ಒಂದು ಮಸಾಲೆದೋಸೆಗೂ ಸಾಲದು. ಅದರಲ್ಲೂ ಕನಿಷ್ಠ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ ಮೀಸಲು. ಸಾವಿರ ದಾಟಿದ ಮಕ್ಕಳಿರುವ ಶಾಲೆಗೆ ಒಂದು ಲಕ್ಷ, ಅಂದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಯೂ ಬೀಳುವುದಿಲ್ಲ. ಸರ್ಕಾರ ವರ್ಷವಿಡೀ ಕೊಡದ ನೂರನ್ನು ಕೂಲಿ ಮಾಡುವ ತಾಯಿಯಿಂದ ತಿಂಗಳಿಗೊಮ್ಮೆ ಕೇಳಿದ ಗಣಿತ ವ್ಯಾಕರಣದ ವ್ಯಾಪ್ತಿಗೆ ಬರುವುದಿಲ್ಲವೆಂದು ಪ್ರಬಂಧಕಾರರು ಇಲ್ಲಿಗೇ ನಿಲ್ಲಿಸುತ್ತಾರೆ.

ಆಗಮಸಂಧಿಗೆ ಹರೇಕಳ ಹಾಜಬ್ಬನವರಿಗಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ಶಾಲೆಯ ಮೆಟ್ಟಿಲು ಹತ್ತದ ಇವರು ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರಿ, ಉಳಿಸಿದ ಕಾಸಿನಿಂದ ನ್ಯೂಪಡ್ಪುವಿನಲ್ಲಿ ಶಾಲೆ ಎಬ್ಬಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನಾಡು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿತು. ಒಂದು ಊರಿಗೆ ಶಾಲೆ ತರುವುದು ಹಣ್ಣಿನ ಬುಟ್ಟಿಯ ಪಾಲಿಗೆ ಯಾಕೆ ಬಂತೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಶಾಲೆ ಮತ್ತು ಅನ್ನು ಸೇರಿ ‘ಶಾಲೆಯನ್ನು’ ಆಗುವಾಗ, ಎರಡರಲ್ಲೂ ಇಲ್ಲದ ಯಕಾರವೊಂದು ಎಲ್ಲಿಂದಲೋ ಬಂದು ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಆ ಯಕಾರಕ್ಕೆ ಸಂಬಳವಿಲ್ಲ.

‘ವರ್ಣ’ವೆಂದರೆ ಅಕ್ಷರವೆಂದೇ ನಂಬಿದ್ದ ಪ್ರಬಂಧಕಾರರನ್ನು 2022ರ ನವೆಂಬರ್ ಕಂಗೆಡಿಸಿತು. ‘ವಿವೇಕ’ ಯೋಜನೆಯಲ್ಲಿ ಏಳೂವರೆ ಸಾವಿರಕ್ಕೂ ಮಿಕ್ಕಿ ತರಗತಿ ಕೊಠಡಿ ಕಟ್ಟಲು ಹೊರಟಾಗ, ರಾಜ್ಯವಿಡೀ ಜಗಳವಾಡಿದ್ದು ಅವುಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಎಂದು. ಸೋರುವ ಹೆಂಚಿಗೆ ವರ್ಣಜ್ಞಾನ ಇಲ್ಲ.

ವರ್ಣದ ಮಾತು ಬಂದಮೇಲೆ ಸವರ್ಣದೀರ್ಘ ಬಿಡುವಂತಿಲ್ಲ. ವಿದ್ಯಾ ಮತ್ತು ಆಲಯ ಸೇರಿದರೆ ‘ವಿದ್ಯಾಲಯ’. ಎರಡು ಆಕಾರಗಳಿದ್ದ ಕಡೆ ಒಂದೇ ಉಳಿಯುತ್ತದೆ. ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ವಿಲೀನ’ ಎಂದು ಹೆಸರು. ಸುತ್ತಲಿನ ಸಣ್ಣ ಶಾಲೆಗಳನ್ನು ದೊಡ್ಡದೊಂದರತ್ತ ಸೆಳೆಯುವ 2025ರ ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್) ಮ್ಯಾಗ್ನೆಟ್ ಶಾಲೆಗಳ ಪ್ರಯೋಗವೂ ಇದೇ ಸೂತ್ರದ ಹೊಸ ವ್ಯಾಖ್ಯಾನ. ಯಾವ ಶಾಲೆಯನ್ನೂ ಮುಚ್ಚುತ್ತಿಲ್ಲ ಎಂಬುದು ಸರ್ಕಾರದ ವಾದ. ವ್ಯಾಕರಣವೂ ಹಾಗೆಯೇ ಹೇಳುತ್ತದೆ: ಆಕಾರ ಸತ್ತಿಲ್ಲ, ಇನ್ನೊಂದರೊಳಗೆ ಸೇರಿಕೊಂಡಿದೆ. ದೀರ್ಘವಾಗುವುದು ಒಂದೇ, ಒಂದನೆಯ ತರಗತಿಯ ಮಗು ನಡೆಯುವ ದಾರಿ.

ಇನ್ನು ಶಬ್ದವ್ಯುತ್ಪತ್ತಿ. ಬರುವುದಕ್ಕೆ ತಿಥಿ ಗೊತ್ತಿಲ್ಲದವನು ಅತಿಥಿ ಎಂಬುದು ಹಿಂದಿನವರ ನಿರ್ವಚನ. ‘ಅತಿಥಿ ಶಿಕ್ಷಕ’ರ ವಿಷಯದಲ್ಲಿ ಇದು ಅವರ ಗೌರವಧನಕ್ಕೆ ಅನ್ವಯಿಸುತ್ತದೆ. 2025ರ ರಾಜ್ಯ ಬಜೆಟ್‌ನಲ್ಲಿ ಅದು 2,000 ರೂಪಾಯಿ ಏರಿತು. ಏರಿದ ಮೊತ್ತವನ್ನು ಕಂಡು ಹಿಗ್ಗಿದವರೂ ಯಾವ ತಿಂಗಳ ಯಾವ ದಿನ ಎಂದು ಕೇಳುವುದನ್ನು ಬಿಟ್ಟಿಲ್ಲ.

ಕಾಲಪ್ರಕರಣ ಚಿಕ್ಕದು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಖರ್ಚು ಮಾಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1968ರ ನೀತಿ ಅದನ್ನೇ ಹೇಳಿತು, 2020ರ ನೀತಿಯೂ ಹೇಳಿತು. ‘ಮಾಡುವರು’ ಎಂಬ ಭವಿಷ್ಯತ್ಕಾಲ ಇಷ್ಟು ವರ್ಷಗಳಲ್ಲಿ ಸವೆದು ‘ಮಾಡಿಯಾರು’ ಎಂಬ ಸಂಭಾವನಾರ್ಥಕವಾಗಿದೆ.

ಕೊನೆಗೆ ಪ್ರಕೃತಿಭಾವ, ಮುಂದೆ ಸ್ವರ ಬಂದರೂ ಸಂಧಿಯಾಗದೆ ಪದ ಇದ್ದಂತೆಯೇ ಉಳಿಯುವ ಸ್ಥಿತಿ. ‘ಅಯ್ಯೋ’ದಂಥ ಉದ್ಗಾರಗಳು ಈ ಗುಂಪಿಗೆ ಸೇರಿದವು. ಇದನ್ನು ಪರೀಕ್ಷಿಸಲು ಪ್ರಬಂಧಕಾರರು ಜೂನ್‌ನಲ್ಲಿ ಒಂದು ಏಕೋಪಾಧ್ಯಾಯ ಶಾಲೆಗೆ ಹೋದರು. ಇದ್ದೊಬ್ಬ ಮೇಷ್ಟ್ರು ಮೀಟಿಂಗಿಗೆಂದು ಬಿಇಒ ಕಚೇರಿಗೆ ಹೋಗಿದ್ದರು. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ ಕೂತಿದ್ದ ಅಡುಗೆಯಮ್ಮ ಇವರ ಹೆಗಲಿನ ಜೋಳಿಗೆ ನೋಡಿ ಎದ್ದು ನಿಂತರು.

“ಅಯ್ಯೋ, ಅತಿಥಿ ಮೇಷ್ಟ್ರು ನೀವೇನಾ? ಈಗ ಬಂದ್ರಾ? ಒಳಗೆ ಹೋಗಿ ಸಾರ್, ಮಕ್ಕಳು ಕಾಯ್ತಾ ಇದಾವೆ.”

ಓಕಾರದ ಮುಂದೆ ಅಕಾರ ಬಂದಿದೆ, ಸಂಧಿಯಾಗಿಲ್ಲ. ಪ್ರಬಂಧಕಾರರು ಇದನ್ನು ಗುರುತು ಹಾಕಿಕೊಳ್ಳುವಷ್ಟರಲ್ಲಿ ಆಕೆ ಸೀಮೆಸುಣ್ಣದ ಡಬ್ಬಿ ತಂದು ಕೈಗಿಟ್ಟರು. ಅದರಲ್ಲಿ ಒಂದೂವರೆ ತುಂಡು ಇತ್ತು.