ನಮ್ಮ ತಂಡ ನಮ್ಮೂರಲ್ಲೇ ಇದೆ
ಮಂಡ್ಯ, ಮದ್ದೂರು, ಮಳವಳ್ಳಿಯ ಕಬಡ್ಡಿ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ



2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಮಣ್ಣಿನ ಆಟಕ್ಕೆ ಮರ್ಯಾದೆ ಬಂತೆಂದು ನಾವೆಲ್ಲ ಹಿಗ್ಗಿದೆವು. 2019ರ ಜನವರಿಯಲ್ಲಿ ಮುಂಬೈನ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆಲ್ಲಿಸಿದ ರಾತ್ರಿ ನಮ್ಮೂರೇ ಗೆದ್ದಂತೆ ಕುಣಿದೆವು. ಆ ಸಂತೋಷ ಸುಳ್ಳಲ್ಲ. ಲೀಗ್‌ಗೆ ನಾನು ಇವತ್ತಿಗೂ ಋಣಿ.

ಆದರೆ ಅದೇ ಪವನ್ 2022ರ ಹರಾಜಿನಲ್ಲಿ ತಮಿಳ್ ತಲೈವಾಸ್‌ಗೆ, ಮರುವರ್ಷ ತೆಲುಗು ಟೈಟಾನ್ಸ್‌ಗೆ ಹೋದರು. ಅದಕ್ಕೂ ಮೊದಲೇ ಬುಲ್ಸ್‌ನ ತವರು ಪಂದ್ಯಗಳು 2017ರಲ್ಲಿ ನಾಗ್ಪುರದಲ್ಲಿ, 2018ರಲ್ಲಿ ಪುಣೆಯಲ್ಲಿ ನಡೆದವು. ತಂಡ ಬದಲಿಸುವುದು ಆಟಗಾರರ ಜೀವನೋಪಾಯದ ಮಾತು, ಯಾರದೂ ತಪ್ಪಿಲ್ಲ. ಆದರೂ ಆಟಗಾರ ಬದಲಾಗಿ, ಅಂಕಣವೂ ಬೇರೆ ರಾಜ್ಯಕ್ಕೆ ಹೋದ ಮೇಲೆ ಅಭಿಮಾನಿಯ ಕೈಲಿ ಉಳಿಯುವುದು ಜೆರ್ಸಿಯ ಬಣ್ಣವೊಂದೇ.

ನನಗೆ ಮತ್ತೆ ಆಟದ ಹುಚ್ಚು ಹಿಡಿಸಿದ್ದು ನಮ್ಮ ಹಳ್ಳಿಗಳ ಹೊನಲು ಬೆಳಕಿನ ಪಂದ್ಯಾವಳಿಗಳು. ಕಲ್ಲು ಆರಿಸಿ, ಜರಡಿ ಹಿಡಿದ ಮಣ್ಣು ಹರಡಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಟ್ರ್ಯಾಕ್ಟರ್ ಟ್ರೇಲರ್‌ಗಳೇ ಗ್ಯಾಲರಿ. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಹಗಲೆಲ್ಲ ಆಲೆಮನೆಯ ಕೊಪ್ಪರಿಗೆ ಮುಂದೆ ಬೆಂದ ಹುಡುಗ ರಾತ್ರಿ ಮೊಣಕಾಲಿಗೆ ಪಟ್ಟಿ ಸುತ್ತಿ, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಕಣಕ್ಕಿಳಿಯುತ್ತಾನೆ. ಟಿವಿಯಲ್ಲಿ 30 ಸೆಕೆಂಡಿನ ಗಡಿಯಾರ ಕಾಣುತ್ತದೆ. ಗೆರೆಯ ಪಕ್ಕ ನಿಂತವರಿಗೆ ಅವನ ‘ಕಬಡ್ಡಿ ಕಬಡ್ಡಿ’ ಸಣ್ಣಗಾಗುತ್ತಿರುವುದೇ ಕೇಳಿಸುತ್ತದೆ. ಮೂಲೆಯವನು ಕಾಲು ಹಿಡಿದನೋ, ಹಿಂದಿನಿಂದ ಅವನ ಚಿಕ್ಕಪ್ಪ “ಬುಡಬ್ಯಾಡ ಕಣ್ಲಾ!” ಎಂದು ಕಿರುಚುತ್ತಾರೆ. ಬಿದ್ದವನ ಬೆರಳು ನಡುಗೆರೆಗೆ ತಾಗಿತೋ ಇಲ್ಲವೋ ಎಂದು ರೆಫ್ರಿ ಬಗ್ಗಿದಾಗ ನಾವೂ ಬಗ್ಗುತ್ತೇವೆ. ಸೋತ ಹುಡುಗ ಮಾರನೆಯ ದಿನ ಸಂತೆಯಲ್ಲಿ ಸಿಗುತ್ತಾನೆ. ಹೆಗಲ ಮೇಲೆ ಕೈಯಿಟ್ಟು ಮಾತಾಡಿಸಬಹುದು.

ತಂಡ ನಮ್ಮದೇ ಆಗಿರಬೇಕೆಂಬ ಹಂಬಲ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬು 2005ರಲ್ಲಿ ಅಮೆರಿಕದ ಉದ್ಯಮಿ ಮಾಲ್ಕಮ್ ಗ್ಲೇಜರ್ ಪಾಲಾದಾಗ, ಅದನ್ನು ವಿರೋಧಿಸಿದ ಅಭಿಮಾನಿಗಳು ‘ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್’ ಎಂಬ ತಮ್ಮದೇ ಕ್ಲಬ್ಬು ಕಟ್ಟಿದರು. ಅಲ್ಲಿ ಸದಸ್ಯರೇ ಮಾಲೀಕರು, ತಲೆಗೊಂದು ಮತ. ನಮ್ಮ ಹಳ್ಳಿಗಳ ಯುವಕ ಸಂಘಗಳು ಮನೆಮನೆಯ ಚಂದಾ ಎತ್ತಿ ತಂಡ ಕಟ್ಟುವುದೂ ಇದೇ ಬಗೆಯ ಕೆಲಸ.

ದೊಡ್ಡ ಆಟಗಾರರು ಹುಟ್ಟುವುದೂ ಇಂಥ ಊರುಗಳಲ್ಲೇ. ಭಾರತ ಮಹಿಳಾ ತಂಡದ ನಾಯಕಿಯಾಗಿದ್ದ, ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳ ಸೀಮೆಯ ಹೆರ್ಮುಂಡೆಯವರು. ನಮ್ಮ ಮೂರು ತಾಲ್ಲೂಕುಗಳಿಂದ ಅಂಥವರು ಬರಬೇಕಾದರೆ ಚಪ್ಪಾಳೆಯ ಜೊತೆಗೆ ಅನುಕೂಲವೂ ಬೇಕು. ಬರಿಗಾಲಲ್ಲಿ ಮಣ್ಣಿನ ಮೇಲೆ ಪಳಗಿದ ಹುಡುಗನಿಗೆ ಶೂ ಹಾಕಿ ಮ್ಯಾಟ್ ಮೇಲೆ ನಿಲ್ಲಿಸಿದರೆ ಹೆಜ್ಜೆಯೇ ಬದಲಾಗುತ್ತದೆ; ಆಯ್ಕೆ ನಡೆಯುವುದು ಮ್ಯಾಟ್ ಮೇಲೆ. ಆದ್ದರಿಂದ ತಾಲ್ಲೂಕಿಗೊಂದಾದರೂ 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್ ಅಂಕಣ ಬೇಕು, ಎಲ್ಲ ಊರಿನ ತಂಡಗಳಿಗೂ ಅಭ್ಯಾಸಕ್ಕೆ ಅದರ ಬಾಗಿಲು ತೆರೆದಿರಬೇಕು. ಪಂದ್ಯಾವಳಿ ನಡೆಸುವವರು ಬಹುಮಾನದ ಹಣದಲ್ಲಿ ಒಂದು ಪಾಲು ಕಡಿಮೆ ಮಾಡಿಯಾದರೂ ಗಾಯಾಳುಗಳಿಗೆ ಆಂಬುಲೆನ್ಸ್ ನಿಲ್ಲಿಸಿ. ಶಾಲೆ ಮುಗಿಯುತ್ತಲೇ ಆಟ ಬಿಡುವ ಹೆಣ್ಣುಮಕ್ಕಳಿಗಾಗಿ ಹಗಲು ಹೊತ್ತಿನಲ್ಲಿ ಪಂದ್ಯ ಇಡಿ.

ಟಿವಿ ಆರಿಸಿ ಎನ್ನುವುದಿಲ್ಲ, ಬುಲ್ಸ್ ಗೆದ್ದರೆ ನಾನೂ ಪಟಾಕಿ ಹೊಡೆಯುವವನೇ. ಆದರೆ ನಾವು ಬರಲಿಲ್ಲವೆಂದು ಆ ಲೀಗ್ ನಿಲ್ಲುವುದಿಲ್ಲ. ನಾವು ಬಾರದಿದ್ದರೆ ಊರಿನ ತಂಡ ನಿಂತುಹೋಗುತ್ತದೆ. ಮುಂದಿನ ಪಂದ್ಯಾವಳಿಯ ಚಂದಾ ಪುಸ್ತಕ ಮನೆ ಬಾಗಿಲಿಗೆ ಬಂದಾಗ ಕೈಲಾದಷ್ಟು ಬರೆಸಿ, ಪಂದ್ಯದ ದಿನ ಮನೆಮಂದಿಯೊಂದಿಗೆ ಬನ್ನಿ.

ಇಂತಿ ನಿಮ್ಮವ,
ಮಂಡ್ಯ ಸೀಮೆಯ ಒಬ್ಬ ಕಬಡ್ಡಿ ಅಭಿಮಾನಿ