ಸೈಡ್ ಬಿ ಅಂಕಲ್

ನಮ್ಮ ಬಡಾವಣೆಯ ಮಕ್ಕಳು ಅವರಿಗೆ ಇಟ್ಟಿರುವ ಹೆಸರು ಸೈಡ್ ಬಿ ಅಂಕಲ್. ನಿಜನಾಮ ಪಿಂಚಣಿ ಕಾಗದದಲ್ಲಿ ಭದ್ರವಾಗಿದೆ, ಅದು ನಮಗೆ ಬೇಡ. ಅವರು ಒಮ್ಮೆ ಬಾಯಿ ತೆರೆದರೆ ಮಾತು ಅರ್ಧ ಗಂಟೆ ಓಡುತ್ತದೆ. ಆಮೇಲೆ ತಟ್ಟನೆ ನಿಲ್ಲುತ್ತದೆ. ಕೇಳುತ್ತಿದ್ದವರು ಬದುಕಿದೆಯಾ ಬಡಜೀವವೇ ಎಂದು ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಅವರು ಒಂದು ಗುಟುಕು ನೀರು ಕುಡಿದು, ಮಗ್ಗುಲು ಬದಲಿಸಿ ಕೂತು, "ಅದಿರಲಿ, ಅಸಲಿ ವಿಷಯ ಈಗ ಕೇಳಿ" ಅನ್ನುತ್ತಾರೆ. ಕ್ಯಾಸೆಟ್ಟನ್ನೇ ಕಂಡಿರದ ಮಕ್ಕಳಿಗೆ ಈ ಹೆಸರು ಹೊಳೆದದ್ದಾದರೂ ಹೇಗೆ ಎಂದು ಕೇಳಬೇಡಿ. ಕ್ಯಾಸೆಟ್ಟಿಗೆ ಎರಡು ಕಡೆ ಇರುತ್ತವೆ ಎಂದು ಅವರಿಗೆ ಪಾಠ ಮಾಡಿದವರೂ ಇವರೇ.

ಅವರನ್ನು ನೀವು ನೋಡಿರುತ್ತೀರಿ. ನಾನು ಹೇಳುತ್ತಿರುವುದು ಮೈಸೂರಿನ ನಮ್ಮ ಪಾರ್ಕಿನವರ ಮಾತು. ಧಾರವಾಡದಲ್ಲೂ ಒಬ್ಬರಿದ್ದಾರೆ, ಶಿವಮೊಗ್ಗದಲ್ಲಂತೂ ಬೀದಿಗೊಬ್ಬರು. ವಯಸ್ಸು ಎಪ್ಪತ್ತರ ಹತ್ತಿರ. ತಲೆಯಲ್ಲಿ ಉಳಿದಿರುವ ಕೂದಲು ಕಿವಿಗಳ ಮೇಲೆ ಮಾತ್ರ, ಆದರೆ ಅದಕ್ಕೆ ಕತ್ತರಿ ತಾಗಿಸಗೊಡುವುದಿಲ್ಲ. 1975ರಲ್ಲಿ, ಅಮಿತಾಭನನ್ನು ನೋಡಿ ಕಿವಿ ಮುಚ್ಚುವಂತೆ ಕೂದಲು ಬಿಟ್ಟಾಗ ಇವರಪ್ಪ ಎರಡು ದಿನ ಊಟಕ್ಕೆ ಕರೆದಿರಲಿಲ್ಲವಂತೆ. ಅಷ್ಟು ಕಾದಾಡಿ ಗೆದ್ದ ನೆಲವನ್ನು ಈಗ ಸುಮ್ಮನೆ ಬಿಟ್ಟುಕೊಡುವುದುಂಟೆ?

ಅವರ ಸಿದ್ಧಾಂತ ಒಂದೇ ಸಾಲಿನದು: ಕನ್ನಡ ಸಿನಿಮಾ ಸಂಗೀತ 1984ರಲ್ಲಿ ತೀರಿಕೊಂಡಿತು. ಯಾಕೆ 84 ಎಂದು ಕೇಳಿದರೆ ರಾಗ, ತಾಳ, ಸಿಂಥಸೈಜರು, ಟ್ರ್ಯಾಕ್ ಹಾಡಿಸುವ ಪದ್ಧತಿ ಎಂದು ಕಾರಣಗಳ ಮಾಲೆ ಪೋಣಿಸುತ್ತಾರೆ. ಒಳಗಿನಿಂದ ಕಾಫಿ ತಂದ ಅವರ ಹೆಂಡತಿ, ಲೋಟ ಕೆಳಗಿಡುತ್ತಾ, "ನಮ್ಮ ಮದುವೆ ಆಗಿದ್ದು ಎಂಬತ್ನಾಲ್ಕರಲ್ಲಿ" ಎಂದಷ್ಟೇ ಹೇಳಿ ಹೋಗುತ್ತಾರೆ. ಆ ಹೊತ್ತಿಗೆ ಅಂಕಲ್ಲಿಗೆ ಕಾಫಿಯ ಸಕ್ಕರೆ ಬಗ್ಗೆ ತುಂಬ ಗಹನವಾದ ಯೋಚನೆ ಬಂದಿರುತ್ತದೆ.

ಅವರ ಮನೆಯಲ್ಲಿ ದೇವರ ಮನೆಯ ನಂತರದ ಪವಿತ್ರ ಸ್ಥಳ ಷೋಕೇಸು. ಅದರೊಳಗೆ ಒಂದು ಅರವತ್ತು ನಿಮಿಷದ ಕ್ಯಾಸೆಟ್. ಕಂಪನಿಯಿಂದ ಹಾಡು ತುಂಬಿ ಬಂದದ್ದಲ್ಲ, ಖಾಲಿ ಕ್ಯಾಸೆಟ್ ಕೊಂಡು ರೆಕಾರ್ಡಿಂಗ್ ಅಂಗಡಿಯಲ್ಲಿ ತುಂಬಿಸಿದ್ದು. ಆ ಕಾಲದಲ್ಲಿ ಇದೊಂದು ವ್ಯವಹಾರವೇ ಆಗಿತ್ತು. ನೋಟ್‌ಬುಕ್ಕಿನ ಹಾಳೆ ಹರಿದು ಹಾಡಿನ ಪಟ್ಟಿ ಬರೆಯಬೇಕು. ಒಂದು ಕಡೆಗೆ ಮೂವತ್ತು ನಿಮಿಷ. ಹಾಡಿಗೆ ನಾಲ್ಕು ನಿಮಿಷವೆಂದರೆ ಏಳು ಹಿಡಿಸುತ್ತವೆ, ಎರಡು ನಿಮಿಷ ಮಿಗುತ್ತದೆ. ಎಂಟನೆಯದನ್ನು ತುರುಕಲು ಯಾವ ಏಳು ಚಿಕ್ಕವಿರಬೇಕು ಎಂದು ಲೆಕ್ಕ ಹಾಕುತ್ತಾ ಇವರು ಕಳೆದ ರಾತ್ರಿಗಳನ್ನು ಬಿ.ಕಾಂ. ಓದಿಗೆ ಕೊಟ್ಟಿದ್ದರೆ ರ‍್ಯಾಂಕ್ ಬರುತ್ತಿತ್ತು. ಎರಡು ಕನಸು, ಬಯಲು ದಾರಿ, ನಾ ನಿನ್ನ ಮರೆಯಲಾರೆ: ಪಟ್ಟಿ ತುಂಬ ರಾಜನ್-ನಾಗೇಂದ್ರ. ಮೈಸೂರಿನವರೇ ಆದ ಆ ಅಣ್ಣತಮ್ಮಂದಿರನ್ನು ಅಂಕಲ್ ಇವತ್ತಿಗೂ ನೆಂಟರೆಂಬಂತೆ ಮಾತಾಡಿಸುತ್ತಾರೆ. ಅಂಗಡಿಯವನು ಪಟ್ಟಿಯ ಮೇಲೆ ಕಣ್ಣಾಡಿಸಿ, "ಇದ್ಯಾಕ್ ಸಾರ್, ಇದು ಬೇಡ, ಅದೇ ಪಿಚ್ಚರಿಂದು ಇನ್ನೊಂದಿದೆ, ಅದು ಹಾಕ್ಕೊಡ್ತೀನಿ" ಎನ್ನುತ್ತಿದ್ದ. ಇಂಥ ನಿರ್ದಾಕ್ಷಿಣ್ಯ ವಿಮರ್ಶಕರು ಆಮೇಲೆ ನಮ್ಮಲ್ಲಿ ಹುಟ್ಟಲಿಲ್ಲ ಎಂಬುದು ಅಂಕಲ್ಲರ ಕೊರಗು. ಇದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಆದರೆ ಆ ವಿಮರ್ಶಕ ಒಂದು ಅನಾಹುತ ಮಾಡಿದ. ಮೊದಲ ಮಗ್ಗುಲಿನ ಕೊನೆಯಲ್ಲಿ ಉಳಿದ ಎರಡು ನಿಮಿಷವನ್ನು ಖಾಲಿ ಬಿಡಲು ಮನಸ್ಸು ಬಾರದೆ, ತನಗೆ ಪ್ರಿಯವಾದ ಇನ್ನೊಂದು ಹಾಡನ್ನು ಹಾಕಿಕೊಟ್ಟ. ಪಲ್ಲವಿ ಮುಗಿದು, ಚರಣದ ಎರಡನೆಯ ಸಾಲು ಅರ್ಧಕ್ಕೆ ಬರುವಾಗ ಟೇಪು ಮುಗಿಯಿತು. ಅಲ್ಲಿಂದ ಇಂದಿನವರೆಗೆ ಅಂಕಲ್ ಆ ಹಾಡನ್ನು ಎಷ್ಟು ಸಲ ಗುನುಗಿದರೂ ಅದೇ ಅರ್ಧ ಸಾಲಿಗೆ ಬಂದು "ಕಟಕ್" ಅನ್ನುತ್ತಾರೆ. ಬೇಕೆಂದು ಅನ್ನುವುದಲ್ಲ, ನಾಲಿಗೆಗೆ ಹಾಗೆಯೇ ಬಾಯಿಪಾಠ ಆಗಿಬಿಟ್ಟಿದೆ. ಮಗಳ ಮದುವೆಯ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದ ಹುಡುಗಿ ಅದೇ ಹಾಡನ್ನು ಎತ್ತಿಕೊಂಡು, ಆ ಜಾಗ ದಾಟಿ ಸಲೀಸಾಗಿ ಮುಂದೆ ಹೋದಾಗ ಅಂಕಲ್ ಬೀಗರ ಕೈ ಹಿಡಿದುಕೊಂಡು, "ಅಲ್ಲಿಂದ ಮುಂದಕ್ಕೂ ಇದೆಯೇನ್ರೀ!" ಎಂದು ಕೇಳಿದ್ದನ್ನು ಹುಡುಗನ ಕಡೆಯವರು ಇನ್ನೂ ಹೇಳಿಕೊಂಡು ನಗುತ್ತಾರೆ.

ಇನ್ನು ತಾಂತ್ರಿಕ ಜ್ಞಾನ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪಿರುತ್ತದೆ. ತೊಂಬತ್ತು ನಿಮಿಷದ್ದರಲ್ಲಿ ಉದ್ದ ಹೆಚ್ಚು, ಹಾಗಾಗಿ ದಪ್ಪ ಕಡಿಮೆ, ಬೇಗ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ತೊಂಬತ್ತರ ಕ್ಯಾಸೆಟ್ ಕೊಂಡವನಿಗೆ ಹೆಣ್ಣು ಕೊಡಬಾರದು ಎನ್ನುವ ಮಟ್ಟಕ್ಕೆ ಅಂಕಲ್ಲರ ವಾದ ಹೋಗುತ್ತದೆ. ಪೆನ್ಸಿಲ್ ತೂರಿಸಿ ಟೇಪು ಸುತ್ತುವುದನ್ನು ಪಕ್ಕದ ಮನೆ ಹುಡುಗನಿಗೆ ತೋರಿಸಿದರು. ಹುಡುಗ ಗಮನವಿಟ್ಟು ನೋಡಿ, "ಅಂಕಲ್, ಇದು ಚಾರ್ಜ್ ಆಗ್ತಿದೆಯಾ?" ಎಂದು ಕೇಳಿದ.

ರೇಡಿಯೊ ವಿಷಯ ಬಂದರೆ ಅವರ ದನಿಯೇ ಬದಲಾಗುತ್ತದೆ. ಬುಧವಾರ ರಾತ್ರಿ ಎಂಟು ಗಂಟೆ, ರೇಡಿಯೊ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ ಕಂಠ. ಶಾರ್ಟ್‌ವೇವಿನಲ್ಲಿ ಹಾಡು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಕೆಲವೊಮ್ಮೆ ಸಮುದ್ರಕ್ಕೇ ಬಿದ್ದುಹೋಗುತ್ತಿತ್ತು. ಆಗ ಮನೆಯ ಕಿರಿಯ ಸದಸ್ಯ ಏರಿಯಲ್ ಹಿಡಿದು ಕಿಟಕಿಯಲ್ಲಿ ನಿಲ್ಲಬೇಕು. ಮಗಳು ಈಚೆಗೆ ಒಂದು ಕಾರವಾನ್ ತಂದುಕೊಟ್ಟಳು. ಹಳೇ ರೇಡಿಯೊ ಆಕಾರದ ಪೆಟ್ಟಿಗೆ, ಒಳಗೆ ಸಾವಿರಗಟ್ಟಲೆ ಹಳೇ ಹಾಡು. ಒಂದು ವಾರ ಕೇಳಿದ ಅಂಕಲ್ ಮಂಕಾದರು. "ಎಲ್ಲಾ ಇದೆ ಕಣ್ರೀ, ಕೊರಕೊರ ಒಂದಿಲ್ಲ. ಕೊರಕೊರ ಇಲ್ದಿದ್ರೆ ಹಾಡು ದೂರದಿಂದ ಬಂತು ಅಂತ ಹೇಗೆ ಗೊತ್ತಾಗತ್ತೆ?" ಈಗ ಅವರು ಅದನ್ನು ಅಡುಗೆಮನೆಯ ಬಾಗಿಲಲ್ಲಿ, ಒಳಗೆ ಮಿಕ್ಸಿ ಓಡುವ ಹೊತ್ತಿಗೆ ಸರಿಯಾಗಿ ಹಾಕಿಕೊಂಡು ಕೂರುತ್ತಾರೆ. ಚಟ್ನಿ ಅರೆಯುವ ಹೊತ್ತಿನಲ್ಲಿ ಅವರ ಮುಖದ ಮೇಲೆ ಒಂದು ತೃಪ್ತಿ ಮೂಡುತ್ತದೆ.

ಅವರ ಹೆಂಡತಿಯ ನೆನಪುಗಳು ಬೇರೆ ಜಾಡಿನವು. "ಇವರು ಹಾಡು ಕೇಳ್ತಿದ್ರು, ಹಿಂದೆ ನಾನು ಅಕ್ಕಿ ಆರಿಸ್ತಿದ್ದೆ" ಎನ್ನುತ್ತಾರೆ. ಆಕೆ ಈಗ ಇಯರ್‌ಫೋನ್ ಸಿಕ್ಕಿಸಿಕೊಂಡು ಅರ್ಜುನ್ ಜನ್ಯರ ಹೊಸ ಹಾಡು ಕೇಳುತ್ತಾ ವಾಕಿಂಗ್ ಹೋಗುತ್ತಾರೆ. ಗಂಡನಿಗಿಂತ ಎರಡು ಸುತ್ತು ಹೆಚ್ಚು.

ಉಡುಪಿನ ಅಧ್ಯಾಯಕ್ಕೆ ಬರೋಣ. ಬೆಲ್‌ಬಾಟಮ್ ಹೊಲಿಸಲು ಟೈಲರ್ ಬಳಿ ಹೋದ ಕತೆಯನ್ನು ಅಂಕಲ್ ನೂರಾರು ಸಲ ಹೇಳಿದ್ದಾರೆ, ನಾನು ಅಷ್ಟೂ ಸಲ ನಕ್ಕಿದ್ದೇನೆ. ಟೈಲರ್ ಸೊಂಟ ಅಳೆದ: ಇಪ್ಪತ್ತಾರು. "ಬಾಟಮ್ ಎಷ್ಟಿಡಲಿ?" ಎಂದ. ಇವರು ಧೈರ್ಯವಾಗಿ "ಇಪ್ಪತ್ತಾರು" ಎಂದರು. ಟೈಲರ್ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು, "ಒಳ್ಳೇದಾಯ್ತು ಬಿಡಿ, ಬೆಳಿಗ್ಗೆ ಆತುರದಲ್ಲಿ ತಲೆಕೆಳಗಾಗಿ ಹಾಕ್ಕೊಂಡ್ರೂ ಸರಿಹೋಗತ್ತೆ" ಅಂದನಂತೆ. ಟೆರಿಕಾಟ್ ಬಟ್ಟೆ, ಅದಕ್ಕೆ ನಾಯಿಕಿವಿಯಷ್ಟು ಕಾಲರಿನ ಅಂಗಿ. ಪ್ಯಾಂಟಿನ ಅಂಚು ನೆಲಕ್ಕೆ ಉಜ್ಜಿ ಸವೆಯದಿರಲಿ ಎಂದು ಹಿಮ್ಮಡಿಯ ಕಡೆ ಒಳಗಿನಿಂದ ಜಿಪ್ಪಿನ ತುಂಡು ಕೂಡಿಸಿ ಹೊಲಿಯುತ್ತಿದ್ದರು. ಈ ಜಿಪ್ಪಿನ ಸಂಗತಿ ಇಂದಿನವರು ನಂಬುವುದಿಲ್ಲ. ನಂಬದವರ ಮನೆಗೆ ಅಂಕಲ್ ಒಂದು ಹಳೇ ಪ್ಯಾಂಟಿನ ಅಂಚನ್ನೇ ಕತ್ತರಿಸಿ ತೆಗೆದುಕೊಂಡು ಹೋಗಿ ತೋರಿಸಿ ಬಂದಿದ್ದಾರೆ.

ಇವರು ಹೇಳದೆ ಬಿಡುವ ಸಂಗತಿಗಳೂ ಇವೆ. ಅವನ್ನು ಅವರ ತಮ್ಮ ಹಬ್ಬಕ್ಕೆ ಬಂದಾಗ ಹೇಳುತ್ತಾರೆ. ಅಣ್ಣನ ಬೆಲ್‌ಬಾಟಮ್ ಸೈಕಲ್ ಚೈನಿಗೆ ಸಿಕ್ಕಿ, ಅಣ್ಣ ಅಗ್ರಹಾರದ ವೃತ್ತದಲ್ಲಿ ಸೈಕಲ್ ಸಮೇತ ಮಲಗಿದ್ದು. ಅಪ್ಪ ಜಗಲಿಯಲ್ಲಿ ಕೂತು, "ಬೀದಿ ಗುಡಿಸೋಕೆ ಮುನಿಸಿಪಾಲ್ಟಿಯವರು ಯಾಕೆ, ನಮ್ಮನೆ ಮಗನೇ ಇದ್ದಾನೆ" ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದದ್ದು. ಎಂಬತ್ತರ ಸುಮಾರಿಗೆ ಫ್ಯಾಷನ್ ತಿರುಗಿ ಎಲ್ಲರೂ ಪ್ಯಾಂಟಿನ ಕಾಲು ಸಣ್ಣ ಮಾಡಿಸಲು ಅದೇ ಟೈಲರ್ ಮುಂದೆ ಸಾಲು ನಿಂತದ್ದು; ಸಣ್ಣವಾಗಲು ಒಪ್ಪದ ಒಂದನ್ನು ಅಮ್ಮ ಕತ್ತರಿಸಿ ಮಾರ್ಕೆಟ್ಟಿಗೆ ಎರಡು ಚೀಲ ಹೊಲಿದದ್ದು. ಒಂದೊಂದು ಚೀಲ ಐದು ಸೇರು ತರಕಾರಿ ಹಿಡಿಸುತ್ತಿತ್ತಂತೆ. ಆ ಪ್ಯಾಂಟಿನಿಂದ ಮನೆಗಾದ ಏಕೈಕ ಪ್ರಯೋಜನ ಅದು ಎಂದು ತಮ್ಮ ಮುಗಿಸುವಾಗ ಅಂಕಲ್ ಟೀವಿ ಸೌಂಡು ಜಾಸ್ತಿ ಮಾಡುತ್ತಾರೆ.

ಗೋಡೆಯ ಮೇಲೆ ಆ ಕಾಲದ ಸ್ಟುಡಿಯೊ ಫೋಟೊ ಇದೆ. ಹಿಂದೆ ಪರದೆಯಲ್ಲಿ ಬಿಡಿಸಿದ ತಾಜ್‌ಮಹಲು, ಮುಂದೆ ಕೂಲಿಂಗ್ ಗ್ಲಾಸ್ ಧರಿಸಿ, ಒಂದು ಕಾಲು ಸ್ಟೂಲಿನ ಮೇಲಿಟ್ಟ ಅಂಕಲ್. ತೆಳ್ಳಗಿದ್ದಾರೆ, ಚೆಂದವಾಗಿಯೂ ಇದ್ದಾರೆ, ಹೇಳಿಬಿಡಬೇಕು. ಕೂಲಿಂಗ್ ಗ್ಲಾಸ್ ಮಾತ್ರ ಸ್ಟುಡಿಯೊದವರದು. ಆ ಓಣಿಯ ಸಮಸ್ತ ಯುವಕರ ಫೋಟೊಗಳಲ್ಲೂ ಅದೇ ಗ್ಲಾಸಿದೆ, ಎಡಗಡೆ ಸಣ್ಣ ಬಿರುಕಿನ ಸಮೇತ.

ಈ ಪಾಂಡಿತ್ಯದ ಸುದ್ದಿ ಹರಡಿ, ಪಕ್ಕದ ಮನೆ ಹುಡುಗಿಯ ಕಾಲೇಜಿನವರು ರೆಟ್ರೊ ಡೇಗೆ ಅಂಕಲ್ಲರನ್ನು ತೀರ್ಪುಗಾರರಾಗಿ ಕರೆದರು. ಮೊದಲ ಹುಡುಗ ವೇದಿಕೆಗೆ ಬಂದ. ಅಗಲ ಪ್ಯಾಂಟು, ಹಣೆಗೆ ಪಟ್ಟಿ, ಮೇಲೊಂದು ಚರ್ಮದ ಜಾಕೆಟ್. ಚಪ್ಪಾಳೆಯೋ ಚಪ್ಪಾಳೆ. ಅಂಕಲ್ ಮೈಕ್ ಕೇಳಿ ಪಡೆದರು. "ಮಗು, ನಿನ್ನ ಪ್ಯಾಂಟು 75ರದು. ಹಣೆಪಟ್ಟಿ ಡಿಸ್ಕೋ ಡ್ಯಾನ್ಸರ್ ಬಂದಮೇಲಿನದು, ಅಂದ್ರೆ 82. ಜಾಕೆಟ್ಟು 87ರ ಪ್ರೇಮಲೋಕ. ನೀನು ಸರಿಯಾಗಿ ಯಾವ ವರ್ಷದಲ್ಲಿ ನಿಂತಿದ್ದೀಯಪ್ಪಾ?" ಹುಡುಗ ವಿನಯದಿಂದ, "ಇದು ಬಾಡಿಗೆದು ಅಂಕಲ್" ಎಂದ. ಅಂಕಲ್ ಹತ್ತಕ್ಕೆ ಎರಡು ಅಂಕ ಕೊಟ್ಟರು. ಆಮೇಲೆ ಅವರಿಗೆ ಸಮಾಧಾನವಾದದ್ದು ಹುಡುಗರು 'ಆಪರೇಷನ್ ಡೈಮಂಡ್ ರಾಕೆಟ್'ನ ಇಂಗ್ಲಿಷ್ ಹಾಡಿಗೆ ಕುಣಿದಾಗ. 1978ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ, ಹಾಡಿದವರು ಸ್ವತಃ ರಾಜ್‌ಕುಮಾರ್. ಹುಡುಗರಿಗೆ ಆ ಹಾಡು ಸಿಕ್ಕಿದ್ದು ಮೊಬೈಲಿನ ತಮಾಷೆ ವಿಡಿಯೊಗಳಿಂದ ಎಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ನನಗೆ ಕಾಣಲಿಲ್ಲ.

ಸಂಜೆ ಪಾರ್ಕಿನ ಕಲ್ಲುಬೆಂಚಿನಲ್ಲಿ ಇವರ ಪರಿಷತ್ತು ಸೇರುತ್ತದೆ. ಯಾರು ಎಲ್ಲಿ ಕೂರಬೇಕೆಂಬುದು ಅವರವರ ಸಂಗೀತ ಸತ್ತ ಇಸವಿಯ ಪ್ರಕಾರ. ಎಡತುದಿಯಲ್ಲಿ ಎಂಬತ್ತಾರರ ಒಬ್ಬ ಹಿರಿಯರು; ಪಿ. ಕಾಳಿಂಗರಾಯರ ನಂತರ ಬಂದದ್ದೆಲ್ಲ ಅವರ ಲೆಕ್ಕಕ್ಕೆ ಬೊಬ್ಬೆ. ಸೈಡ್ ಬಿ ಅಂಕಲ್ಲರನ್ನು ಅವರು "ನೀನಿನ್ನೂ ಹುಡುಗ, ನಿನಗೆ ಪ್ಲೇಟಿನ ರುಚಿ ಗೊತ್ತಿಲ್ಲ" ಎಂದು ಬದಿಗೆ ಸರಿಸುತ್ತಾರೆ. ಅವರ ಪಕ್ಕದಲ್ಲಿ ಪಿ.ಬಿ. ಶ್ರೀನಿವಾಸ್ ಪಕ್ಷದವರು. 1974ರ ಸಂಪತ್ತಿಗೆ ಸವಾಲ್‌ನಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ ದಿನದಿಂದ ಇವರಿಗೂ ಅಂಕಲ್ಲಿಗೂ ಮಾತಿಲ್ಲ; ಅಂದರೆ ಆ ವಿಷಯ ಬಿಟ್ಟು ಬೇರೆ ಮಾತಿಲ್ಲ. ಬಲಗಡೆ ನಾವು ಪ್ರೇಮಲೋಕದ ಬ್ಯಾಚಿನವರು. ಸಂಗೀತ ನಿಜಕ್ಕೂ ತುತ್ತತುದಿ ಮುಟ್ಟಿದ್ದು 1987ರಲ್ಲಿ, ಹಂಸಲೇಖರ ಕೈಯಲ್ಲಿ. ಇದು ಅಭಿಪ್ರಾಯವಲ್ಲ, ವಸ್ತುಸ್ಥಿತಿ. ಆದರೆ ಹಿರಿಯರ ಮುಂದೆ ಜೋರಾಗಿ ಹೇಳುವಂತಿಲ್ಲ.

ಮೊನ್ನೆ ಅಲ್ಲಿಗೆ ಹೊಸಬನೊಬ್ಬ ಬಂದ. ಮೂವತ್ತೆಂಟೋ ನಲವತ್ತೋ, ನೆತ್ತಿಯಲ್ಲಿ ಈಗಷ್ಟೇ ಬಯಲು ಕಾಣುತ್ತಿರುವ ಸಾಫ್ಟ್‌ವೇರಿನವನು. ಬೆಂಚಿನ ಹತ್ತಿರ ನಿಂತು ನಿಟ್ಟುಸಿರು ಬಿಟ್ಟು, "ಏನೇ ಹೇಳಿ ಸಾರ್, ಮುಂಗಾರು ಮಳೆ ಆದ್ಮೇಲೆ ಹಾಡೇ ಬರ್ಲಿಲ್ಲ" ಎಂದ. ಬೆಂಚು ಗಂಭೀರವಾಯಿತು. 2006ರ ಕೊನೆಯಲ್ಲಿ ಬಂದ ಸಿನಿಮಾ. ನಮಗದು ನಿನ್ನೆ ಬಂದಂತೆ. ಅಂಕಲ್ ಕನ್ನಡಕ ಏರಿಸಿ ವಿಚಾರಣೆ ಶುರು ಮಾಡಿದರು.

"ಕ್ಯಾಸೆಟ್ಟಲ್ಲಿ ಕೇಳಿದ್ರಾ?"

"ಇಲ್ಲ ಸಾರ್. ಎಂಪಿ3 ಸಿಡಿ. ಆಮೇಲೆ ಕಾಲರ್ ಟ್ಯೂನ್ ಹಾಕಿಸ್ಕೊಂಡಿದ್ದೆ, ತಿಂಗಳಿಗೆ ಮೂವತ್ತು ರೂಪಾಯಿ."

"ಮೂವತ್ತು ರೂಪಾಯಿ! ನೀವು ಕೇಳೋದಕ್ಕೆ?"

"ನನಗೆಲ್ಲಿ ಕೇಳ್ಸತ್ತೆ ಸಾರ್? ನನಗೆ ಫೋನ್ ಮಾಡಿದವರಿಗೆ."

ಅಂಕಲ್ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ಪಿ.ಬಿ. ಶ್ರೀನಿವಾಸ್ ಪಕ್ಷದವರ ಕಡೆ ತಿರುಗಿ, "ನಾವು ಕ್ಯಾಸೆಟ್ ಎರವಲು ಕೊಡೋಕೆ ಜಗಳ ಆಡ್ತಿದ್ವಿ. ಈ ಪುಣ್ಯಾತ್ಮ ಕೈಯಿಂದ ದುಡ್ಡು ಹಾಕಿ ಊರಿಗೆಲ್ಲ ಕೇಳಿಸಿದ್ದಾನೆ. ಸ್ವಲ್ಪ ಸರೀರಿ" ಎಂದು ಬೆಂಚಿನ ಬಲತುದಿಯಲ್ಲಿ ಒಂದು ಗೇಣು ಜಾಗ ಮಾಡಿಕೊಟ್ಟರು. "ಕೂತ್ಕೊಳ್ಳಿ. ಮೊದಲ ಆರು ತಿಂಗಳು ಬರೀ ಕೇಳ್ತಿರಬೇಕು, ಮಧ್ಯೆ ಬಾಯಿ ಹಾಕಬಾರದು. ಈಗ, 1976ರಲ್ಲಿ ಏನಾಯ್ತು ಅಂದ್ರೆ…"